ಕಂಡವರ ಹೆಸರು

ನಾನು ಒಂದು ದುರ್ಬೀನು. ಈಗ ನನಗೆ ಒಂದೇ ಕಣ್ಣು. ಎಡಗಣ್ಣಿನ ಗಾಜಿನೊಳಗೆ ಬೂಷ್ಟು ಬೆಳೆದಿದೆ. ಅದರಲ್ಲಿ ನೋಡಿದರೆ ಲೋಕವೆಲ್ಲ ಹಾಲಿನ ಕೆನೆಯ ಕೆಳಗೆ ಮುಳುಗಿದಂತೆ ಕಾಣುತ್ತದೆ. ಹುಟ್ಟುವಾಗ ಎರಡೂ ಚೆನ್ನಾಗಿದ್ದವು.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಹೆಂಗಸರೇ ಹೆಚ್ಚು. ಬಿಳಿ ಟೊಪ್ಪಿಗೆಯ ಒಬ್ಬಾಕೆ ನನ್ನ ಗಾಜುಗಳನ್ನು ಒಂದೊಂದಾಗಿ ಕೂರಿಸಿದಳು. ಎರಡು ಕಣ್ಣೂ ಒಂದೇ ಕಡೆ ನೋಡಬೇಕು, ಇಲ್ಲದಿದ್ದರೆ ಒಂದು ಹಕ್ಕಿ ಎರಡಾಗಿ ಕಾಣುತ್ತದೆ. ಅದಕ್ಕಾಗಿ ಆಕೆ ಎದುರಿನ ಗೋಡೆಯ ಮೇಲೆ ಬರೆದ ಒಂದು ಕೂಡು ಚಿಹ್ನೆಯನ್ನು ನನ್ನ ಮೂಲಕ ನೋಡುತ್ತಾ ಸಣ್ಣ ತಿರುಪು ಬಿಗಿದಳು. ಬೆಳಗಿನಿಂದ ಸಂಜೆಯವರೆಗೆ ದುರ್ಬೀನು ಹಿಡಿದೇ ಕೂತಿದ್ದವಳು ಆ ಗೋಡೆಯೊಂದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನನಗೆ ನೆನಪಿರುವ ಮೊದಲ ಮುಖ ಅದು. ದಣಿದ ಮುಖ. ಆಮೇಲೆ ಅಂಥ ಇನ್ನೊಂದು ಮುಖದ ಕೆಳಗೆ ನನ್ನ ಬಹುಪಾಲು ಆಯುಷ್ಯ ಕಳೆಯುತ್ತದೆಂದು ಆಗ ತಿಳಿದಿರಲಿಲ್ಲ.

ನನ್ನನ್ನು ಕೊಂಡವರು ಹಂಪಣ್ಣವರ ಸರ್. ಹುಬ್ಬಳ್ಳಿಯಿಂದ ಒಂದು ತಾಸು ದೂರದ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಊರ ಅಂಚಿಗೆ ಹಿರೇಕೆರೆ. ಅದರ ದಂಡೆಗೆ ಬೇಲಿ ಹಾಕಿ, ಕಾಲುದಾರಿ ಮಾಡಿ, ಉದ್ಯಾನವೆಂದು ಕರೆದಾಗ ಗೇಟಿನ ಬಳಿ ಒಂದು ಕರಿಹಲಗೆ ನಿಲ್ಲಿಸಿದವರು ಅವರೇ. ಅದರಲ್ಲಿ ಮೂರು ಪಟ್ಟಿ: ತಾರೀಖು, ಹಕ್ಕಿ, ಕಂಡವರು. ಸರ್ ದಿನವೂ ಕೆರೆ ಸುತ್ತಿ ಬಂದು ತಾವು ಕಂಡ ಹಕ್ಕಿಗಳ ಹೆಸರು ಬರೆಯುತ್ತಿದ್ದರು. ಗೂಡುಗಳನ್ನೂ ಕಾಣುತ್ತಿದ್ದರು. ಆದರೆ ಗೂಡಿನ ವಿಷಯ ಹಲಗೆಗೆ ಒಂದು ಸಲವೂ ಹೋಗಲಿಲ್ಲ. ಅದು ಅವರ ಜೇಬಿನ ಪುಸ್ತಕದಲ್ಲೇ ಉಳಿಯುತ್ತಿತ್ತು. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ನೋಡಿದ್ದೆ. ಆದರೆ ನನಗೆ ಇರುವುದು ಕಣ್ಣು, ಬಾಯಲ್ಲ.

ಕಸ್ತೂರಿ ಅವರ ಹಳೆಯ ವಿದ್ಯಾರ್ಥಿನಿ. ಕೊನೆಯ ವರ್ಷದ ಪರೀಕ್ಷೆಗೆ ಮೊದಲೇ ಮದುವೆಯಾಗಿ ಬಡಿಗೇರರ ಮನೆ ಸೇರಿದ್ದಳು. ಇಪ್ಪತ್ತೆರಡು ವರ್ಷಗಳ ನಂತರ, ರಕ್ತದೊತ್ತಡಕ್ಕೆ ನಡೆದಾಡಬೇಕೆಂದು ಡಾಕ್ಟರು ಹೇಳಿದ್ದರಿಂದ ಒಂದು ಭಾನುವಾರ ಉದ್ಯಾನಕ್ಕೆ ಬಂದಳು. ಬೆಂಚಿನ ಮೇಲೆ ಕೂತಿದ್ದ ಸರ್ ಅವಳ ಹೆಸರು ಮರೆತಿದ್ದರು, ಆದರೆ ಅವಳು ಬಿಡಿಸಿದ ಕಪ್ಪೆಯ ಚಿತ್ರ ಮರೆತಿರಲಿಲ್ಲ. ನನ್ನನ್ನು ಅವಳ ಕೈಗೆ ಕೊಟ್ಟರು. ಅವಳು ನೋಡಿದ ಮೊದಲ ಹಕ್ಕಿ ಒಂದು ಸಾದಾ ಬೆಳ್ಳಕ್ಕಿ. ತುಂಬಾ ಹೊತ್ತು ನೋಡಿದಳು. ನನ್ನನ್ನು ಇಳಿಸಿದಾಗ ಅವಳ ಕಣ್ಣಂಚಿನ ಒದ್ದೆ ನನ್ನ ರಬ್ಬರಿಗೆ ಹತ್ತಿತ್ತು.

ಸರ್‌ಗೆ ಕಣ್ಣು ಮಸುಕಾದ ವರ್ಷ, ನನ್ನ ಪಟ್ಟಿಯನ್ನು ತಮ್ಮ ಕೊರಳಿನಿಂದ ತೆಗೆದು ಅವಳ ಕೊರಳಿಗೆ ಹಾಕಿದರು. "ಟ್ರಂಕಿನ್ಯಾಗ ಇಡಬ್ಯಾಡವಾ, ಬೂಷ್ಟು ಹಿಡಿತೈತಿ. ಆಗಾಗ ಬೆಳಕಿಗೆ ತೋರಿಸ್ಕೋತ ಇರು" ಎಂದರು. ಮುಂದಿನ ಚಳಿಗಾಲಕ್ಕೆ ಅವರಿರಲಿಲ್ಲ.

ಕೊರಳಿಗೆ ನೇತುಬೀಳುವ ನಾನು ಮನುಷ್ಯರನ್ನು ಕೆಳಗಿನಿಂದ ಬಲ್ಲೆ. ಗಲ್ಲದ ಅಡಿಭಾಗ, ಎದೆಯ ಬಡಿತ, ಯಾರಿಗೂ ಕೇಳದ ನಿಟ್ಟುಸಿರು. ಕಸ್ತೂರಿಯ ಸೀರೆಗೆ ಡೆಟಾಲಿನ ವಾಸನೆ. ಅವಳ ಅತ್ತೆಗೆ ಲಕ್ವಾ ಹೊಡೆದು ಐದು ವರ್ಷವಾಗಿತ್ತು. ಹೊರಳಿಸುವುದು, ಒರೆಸುವುದು, ಗಂಜಿ ಕುಡಿಸುವುದು ಎಲ್ಲಾ ಇವಳದೇ. ಗಂಡ ಕೆಟ್ಟವನಲ್ಲ. ಭಾನುವಾರ ಬೆಳಿಗ್ಗೆ ಎರಡು ತಾಸು ತಾಯಿಯ ಹತ್ತಿರ ಕೂರುತ್ತಿದ್ದ. ವಾರದಲ್ಲಿ ಆ ಎರಡು ತಾಸು ಅವಳವು. ನನ್ನ ಬಲಗಣ್ಣಿನ ಬಳೆಯನ್ನು ತನ್ನ ದೃಷ್ಟಿಗೆ ಸರಿಯಾಗಿ ತಿರುಗಿಸಿ, ಅಲ್ಲಿ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದಳು. ಆ ಮನೆಯಲ್ಲಿ ಅವಳ ಗುರುತಿದ್ದ ವಸ್ತು ನಾನೊಬ್ಬನೇ.

ಮನೆಯಲ್ಲಿ ಒಮ್ಮೊಮ್ಮೆ ಅವಳು ನನ್ನನ್ನು ತಿರುವುಮುರುವಾಗಿ ಹಿಡಿಯುತ್ತಿದ್ದಳು. ಹಾಗೆ ಹಿಡಿದರೆ ಹತ್ತಿರದ್ದು ದೂರವಾಗುತ್ತದೆ. ಬಚ್ಚಲ ಮುಂದಿನ ಪಾತ್ರೆಯ ರಾಶಿ, ಅತ್ತೆಯ ಮಂಚ, ಒಣಗಿಸಬೇಕಾದ ದುಪ್ಪಟಿಗಳು ಎಲ್ಲಾ ಯಾರದೋ ಊರಿನವೆಂಬಂತೆ ಸಣ್ಣದಾಗಿ ಕಾಣುತ್ತಿದ್ದವು. ಒಂದು ಗಳಿಗೆ ಹಾಗೆ ನೋಡಿ, ನನ್ನನ್ನು ಮೊಳೆಗೆ ಸಿಕ್ಕಿಸಿ, ಮತ್ತೆ ಸೆರಗು ಬಿಗಿಯುತ್ತಿದ್ದಳು.

ಸರ್ ಹೋದ ಮೇಲೆ ಉದ್ಯಾನಕ್ಕೆ ಕ್ಯಾಮೆರಾದವರು ಬಂದರು. ಅವರಲ್ಲಿ ಹಿರಿಯರು ಇನಾಮದಾರ ಡಾಕ್ಟರು, ಹಲ್ಲಿನ ವೈದ್ಯರು. ಅವರ ಲೆನ್ಸು ಬಚ್ಚಲ ಹಂಡೆಗೆ ನೀರು ತುಂಬುವ ಕೊಡದಷ್ಟಿತ್ತು. ಕಸ್ತೂರಿಯ ಗಂಡನ ಪರಿಚಯ, ಹಾಗಾಗಿ ಅವಳನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಹಲಗೆಯ ಮೂರನೆಯ ಪಟ್ಟಿಯಲ್ಲಿ ಈಗ ಅವರ ಮತ್ತು ಅವರ ಗೆಳೆಯರ ಹೆಸರು. ಕಸ್ತೂರಿ ಕಂಡದ್ದು ಹಲಗೆಗೆ ಏರುತ್ತಿರಲಿಲ್ಲ. ಅವಳು ಹೇಳಿದರೆ ಅವರು ನಯವಾಗಿ, ಅದು ಬೇರೆ ಹಕ್ಕಿ ಇರಬೇಕೆಂದು ತಿದ್ದುತ್ತಿದ್ದರು.

ಅವಳಿಗೆ ಆ ಪಟ್ಟಿಯ ಆಸೆ ಎಷ್ಟಿತ್ತೆಂದು ನನಗೆ ಗೊತ್ತು. ಹಲಗೆಯ ಮುಂದೆ ನಿಂತಾಗ ಎದೆಬಡಿತ ಬದಲಾಗುತ್ತಿತ್ತು. ಬಡಿಗೇರ ವೈನಿ, ಬಡಿಗೇರರ ಸೊಸೆ, ಏ ಇವಳೇ ಎಂದು ಕರೆಸಿಕೊಂಡು ನಲವತ್ತಾರು ದಾಟಿದ್ದಳು. ಒಂದು ಸಲ, ಒಂದೇ ಸಲ, ನಾನು ಕಂಡೆ ಎಂದು ತನ್ನ ಹೆಸರಿನಲ್ಲಿ ನಾಲ್ಕು ಜನ ಓದಬೇಕು. ಇಷ್ಟೇ.

ಆಷಾಢದ ಒಂದು ಬೆಳಗು. ಪಂಪಿನ ಮನೆಯ ಹಿಂದೆ ಜೊಂಡು ಬೆಳೆದ ಕೆಸರು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಜೊಂಡಿನ ನಡುವೆ ಒಂದು ಹಕ್ಕಿ ನಡೆದು ಬಂತು. ಉದ್ದ ಕೊಕ್ಕು, ಇಟ್ಟಿಗೆಗೆಂಪು ಕೊರಳು, ಕಣ್ಣ ಸುತ್ತ ಸುಣ್ಣದಿಂದ ಬರೆದಂಥ ಬಿಳಿ ಪಟ್ಟೆ. ಬಣ್ಣದ ಉಲ್ಲಂಕಿ. ಸರ್ ತಮ್ಮ ಆಯುಷ್ಯದಲ್ಲಿ ಆ ಕೆರೆಯಲ್ಲಿ ಎರಡೇ ಸಲ ಕಂಡ ಹಕ್ಕಿ. ಕಸ್ತೂರಿ ನೇರವಾಗಿ ಗೇಟಿಗೆ ಹೋಗಿ ಡಾಕ್ಟರಿಗೆ ಹೇಳಿದಳು.

ಡಾಕ್ಟರು ನಕ್ಕುಬಿಟ್ಟರು. "ವೈನಿ, ಅದು ಈ ಕೆರಿಯೊಳಗ ಇಲ್ಲರೀ. ಸಾದಾ ಉಲ್ಲಂಕಿ ನೋಡೀರಿ ನೀವು. ಫೋಟೋ ಐತೇನು? ಫೋಟೋ ಇಲ್ಲದ್ದನ್ನ ಹೆಂಗ ಬರೀಬೇಕ್ರಿ?"

ಅವಳು ಮುಂದಿನ ಭಾನುವಾರ ನೇರವಾಗಿ ಪಂಪಿನ ಮನೆಯ ಹಿಂದಕ್ಕೆ ಹೋದಳು. ಕೆಂಪು ಕೊರಳಿನ ಹಕ್ಕಿ ಇರಲಿಲ್ಲ. ಅದರ ಬದಲು ಕೆಸರಿನ ಬಣ್ಣದ, ಮಾಸಿದ ಇನ್ನೊಂದು ಹಕ್ಕಿ ಜೊಂಡಿನ ಬುಡದಲ್ಲಿ ಕೂತಿತ್ತು. ಒಮ್ಮೆ ಅದು ಎದ್ದು ಮೈ ಸರಿಮಾಡಿಕೊಂಡಾಗ ಕೆಳಗೆ ನಾಲ್ಕು ಮೊಟ್ಟೆ ಕಂಡವು. ಅದು ಗಂಡು. ಈ ಜಾತಿಯಲ್ಲಿ ಬಣ್ಣವೆಲ್ಲ ಹೆಣ್ಣಿಗೆ. ಮೊಟ್ಟೆಯಿಟ್ಟು ಅವಳು ತನ್ನ ದಾರಿ ಹಿಡಿಯುತ್ತಾಳೆ, ಕಾವು ಕೂರುವುದು, ಮರಿ ಸಾಕುವುದು ಗಂಡಿನ ಪಾಲು. ಕಸ್ತೂರಿ ಇದನ್ನು ಓದಿ ತಿಳಿದಿದ್ದಳು. ಕಣ್ಣಾರೆ ಕಂಡಾಗ ಮಾತ್ರ ಒಬ್ಬಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳ ನಗು ನನ್ನ ಗಾಜನ್ನು ಅಲುಗಿಸಿದ್ದು ಅದೇ ಮೊದಲು.

ಗೇಟಿನ ಕಾವಲುಗಾರ ಫಕೀರಪ್ಪನಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡ. "ಗಂಡಸು ಕಾವಿಗೆ ಕುಂದರತಾನ ಅಂದ್ರ ಅದು ನಮ್ಮ ಕಡೀ ಹಕ್ಕಿ ಅಲ್ಲ ಬಿಡ್ರಿ ಅಕ್ಕಾರ. ನಮ್ಮ ಹುಡುಗರ ಅವ್ವಗ ಇದನ್ನ ಹೇಳಬ್ಯಾಡ್ರಿ ಮತ್ತ."

ಅವಳು ಸೀಮೆಸುಣ್ಣದ ಕಡ್ಡಿ ಕೇಳಿ ತೆಗೆದುಕೊಂಡಳು. ತಾರೀಖು ಬರೆದಳು. ಬಣ್ಣದ ಉಲ್ಲಂಕಿ ಎಂದು ಬರೆದಳು. ಕಂಡವರು: ಕಸ್ತೂರಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಯಾರು ನಂಬುತ್ತಾರೆ? ಫೋಟೋ ಇಲ್ಲದವಳು ಪುರಾವೆಗೆ ಏನು ಕೊಡಬೇಕು? ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಪಂಪಿನ ಮನೆಯ ಹಿಂದೆ, ಮೂರನೆಯ ಜಾಲಿಯ ಬುಡದ ಜೊಂಡಿನಲ್ಲಿ, ಗೂಡು, ನಾಲ್ಕು ಮೊಟ್ಟೆ, ಬಂದು ನೋಡಿ.

ಸರ್ ಗೂಡಿನ ವಿಷಯ ಯಾಕೆ ಬರೆಯುತ್ತಿರಲಿಲ್ಲವೆಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಅವಳ ಎದೆಯ ಮೇಲೆ ಕಲ್ಲಿನಂತೆ ನೇತಾಡುತ್ತಾ ಇದ್ದೆ.

ಆ ವಾರ ಅವಳು ಮನೆಯಲ್ಲಿ ಗುನುಗಿದಳು. ಅತ್ತೆಗೆ ಗಂಜಿ ಕುಡಿಸುತ್ತಾ ಹಕ್ಕಿಯ ಕಥೆ ಹೇಳಿದಳು. ಮಾತು ನಿಂತುಹೋಗಿದ್ದ ಮುದುಕಿ ಬಾಯಿಯ ಒಂದು ಬದಿಯಿಂದ ನಕ್ಕಿತು. ಒಂದು ದಿನ ಕಸ್ತೂರಿ ಎಲ್ಲರಿಗಿಂತ ಮೊದಲು ಬಿಸಿ ರೊಟ್ಟಿ ಹಾಕಿಕೊಂಡು ತಿಂದಳು. ಮೊಳೆಯ ಮೇಲಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ.

ಮುಂದಿನ ಭಾನುವಾರ ಪಂಪಿನ ಮನೆಯ ಹಿಂದೆ ಕಾಲುದಾರಿಯೇ ಆಗಿತ್ತು. ಕೆಸರಿನಲ್ಲಿ ಬೂಟಿನ ಗುರುತು, ಮೂರು ಕಾಲಿನ ಸ್ಟ್ಯಾಂಡುಗಳ ತೂತು. ಜಾಲಿಯ ಬುಡದ ಜೊಂಡನ್ನು ಇಬ್ಭಾಗ ಮಾಡಿ, ನಾರಿನಿಂದ ಎರಡೂ ಕಡೆ ಜಡೆಯಂತೆ ಕಟ್ಟಿದ್ದರು. ನಡುವಿನ ಗೂಡಿನ ಮೇಲೆ ಬಿಸಿಲು ಬಿದ್ದಿತ್ತು. ಮೊಟ್ಟೆಯ ಚೂರುಗಳಿದ್ದವು, ಹಕ್ಕಿ ಇರಲಿಲ್ಲ.

ಫಕೀರಪ್ಪ ನೆಲ ನೋಡುತ್ತಾ ಹೇಳಿದ. ಸೋಮವಾರ ಆರು ಜನ ಬಂದಿದ್ದರಂತೆ, ಮಂಗಳವಾರ ಇಪ್ಪತ್ತಕ್ಕೂ ಮೇಲೆ. ಹಕ್ಕಿ ಎದ್ದು ಹೋಗುವುದು, ಮತ್ತೆ ಬರುವುದು. ಬುಧವಾರ ಅದು ದೂರ ಹೋದ ಹೊತ್ತಿಗೆ ಕಾಗೆಗಳು ಇಳಿದವಂತೆ.

ಗೇಟಿನ ಕೋಣೆಯ ಗೋಡೆಗೆ ಆಗಲೇ ದೊಡ್ಡ ಫೋಟೋ ಬಂದಿತ್ತು. ಗಂಡುಹಕ್ಕಿ ಎರಡೂ ರೆಕ್ಕೆ ಅಗಲವಾಗಿ ಬಿಚ್ಚಿ, ಮೊಟ್ಟೆಗಳ ಮುಂದೆ ನಿಂತಿತ್ತು. ರೆಕ್ಕೆಯ ಒಳಗಿನ ಚಿನ್ನದ ಚುಕ್ಕೆಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಡಾಕ್ಟರ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ನಿಮ್ಮನ್ನ ನಂಬಲಿಲ್ಲ, ತಪ್ಪಾತ್ರಿ ವೈನಿ. ನೋಡ್ರಿ, ಹೆಂಗ ರೆಕ್ಕಿ ಬಿಚ್ಚೈತಿ. ಕುಣಿದಂಗ ಐತಿ."

"ಕುಣಿಯಾಕತ್ತಿಲ್ಲರೀ ಅದು" ಎಂದಳು ಕಸ್ತೂರಿ. "ಹತ್ತಿರ ಬರಬ್ಯಾಡ್ರಿ ಅನ್ನಾಕತ್ತೈತಿ."

ಡಾಕ್ಟರು ಮೊಟ್ಟೆಯನ್ನು ಯಾರೂ ಮುಟ್ಟಿಲ್ಲ, ಜೊಂಡನ್ನು ಸ್ವಲ್ಪ ಬದಿಗೆ ಸರಿಸಿದ್ದಷ್ಟೇ ಎಂದರು. ಅದು ಸುಳ್ಳಲ್ಲ. ಆಮೇಲೆ, ಫೋಟೋದ ಕೆಳಗೆ ಮೊದಲು ಕಂಡವರ ಹೆಸರು ಪೂರ್ತಿಯಾಗಿ ಹಾಕಿಸಿದ್ದೇವೆ, ಸರಿಯಿದೆಯೇ ನೋಡಿ ಎಂದರು. ಕಸ್ತೂರಿ ಬಡಿಗೇರ. ಅಚ್ಚಿನಲ್ಲಿ, ದಪ್ಪ ಅಕ್ಷರದಲ್ಲಿ.

ಅವಳು ನನ್ನನ್ನು ತಿರುವುಮುರುವಾಗಿ ಹಿಡಿದು ಆ ಹೆಸರನ್ನು ನೋಡಿದಳು. ಅದು ಇರುವೆಯಷ್ಟಾಗಿ, ಇನ್ನೂ ದೂರ ಹೋಗಿ, ಗೋಡೆಯಲ್ಲಿ ಕರಗಿತು.

ಆ ದಿನ ಮನೆಗೆ ಹೋದವಳು ನನ್ನನ್ನು ಟ್ರಂಕಿನಲ್ಲಿಟ್ಟಳು. ಹಳೆಯ ಸೀರೆಗಳ ನಡುವೆ ಎಷ್ಟು ಮಳೆಗಾಲ ಕಳೆದವೋ ಸರಿಯಾಗಿ ಹೇಳಲಾರೆ. ಕತ್ತಲೆಯಲ್ಲಿ ನನ್ನ ಎಡಗಣ್ಣಿಗೆ ಬೂಷ್ಟು ಹಿಡಿಯಿತು. ನೋವೇನಿಲ್ಲ. ಮೆಲ್ಲಗೆ ಒಂದು ಪರದೆ ಎಳೆದಂತೆ ಆಯಿತು. ಹೊರಗೆ ಮಂಚ ಎಳೆಯುವ ಸದ್ದು, ಮುದುಕಿಯ ನರಳಾಟ, ರಾತ್ರಿಯೆಲ್ಲ ಕಸ್ತೂರಿಯ ಹೆಜ್ಜೆ. ಕೊನೆಗೊಂದು ದಿನ ನರಳಾಟ ನಿಂತಿತು. ಎಷ್ಟೋ ದಿನಗಳವರೆಗೆ ಹೆಜ್ಜೆಗಳು ಮಾತ್ರ ಅಭ್ಯಾಸಬಲದಿಂದ ಆ ಮಂಚದ ಕಡೆಗೇ ನಡೆದವು.

ಟ್ರಂಕು ತೆರೆದಾಗ ಅವಳ ಕೂದಲು ಬೆಳ್ಳಗಾಗಿತ್ತು. ನನ್ನ ಎಡಗಣ್ಣು ನೋಡಿ, ಸರ್ ಹೇಳಿದ ಮಾತು ನೆನಪಾಯಿತೇನೋ, ತುಂಬಾ ಹೊತ್ತು ಸೆರಗಿನಿಂದ ಉಜ್ಜಿದಳು. ಒಳಗಿನದು ಹೊರಗಿನಿಂದ ಹೋಗುವುದಿಲ್ಲ. ಅವಳಿಗೂ ಒಂದು ಕಣ್ಣಿಗೆ ಪೊರೆ ಬಂದಿತ್ತು. ಕೆಂಪು ಚುಕ್ಕೆಯನ್ನು ಬೆರಳಿನಿಂದ ತಡಕಿ, ನನ್ನ ಬಲಗಣ್ಣಿಗೆ ತನ್ನ ಬಲಗಣ್ಣಿಟ್ಟಳು. ಇಬ್ಬರಿಗೂ ಸೇರಿ ಒಂದು ನೋಟ ಉಳಿದಿತ್ತು.

ಮತ್ತೆ ಭಾನುವಾರಗಳು ಬಂದವು. ಈ ಸಲ ಕಾಲಮಿತಿ ಇರಲಿಲ್ಲ. ಅವಳು ಹಲಗೆಯ ಹತ್ತಿರ ಹೋಗುತ್ತಿರಲಿಲ್ಲ. ಸುತ್ತು ಹಾಕಿ, ಬೆಂಚಿನ ಮೇಲೆ ಕೂತು, ಬೆಳ್ಳಕ್ಕಿ ನೋಡಿ ಹೋಗುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಅದು ಮತ್ತೆ ಕಂಡಿತು. ಮೊದಲು ಕೆಂಪು ಕೊರಳು. ಎಂಟು ದಿನದ ನಂತರ ಕೆಸರು ಬಣ್ಣದ ಬೆನ್ನು, ಜೊಂಡಿನೊಳಗೆ, ಅಲುಗದೆ. ಕಸ್ತೂರಿ ಒಂದೇ ಒಂದು ಸಲ ನೋಡಿದಳು. ಆಮೇಲೆ ನನ್ನನ್ನು ಇಳಿಸಿ, ತಿರುಗಿ ನೋಡದೆ ನಡೆದಳು.

ಗೇಟಿನಲ್ಲಿ ಡಾಕ್ಟರು ಸ್ಟ್ಯಾಂಡು ಹೆಗಲಿಗೇರಿಸಿ ನಿಂತಿದ್ದರು. ಲೆನ್ಸು ಮೊದಲಿಗಿಂತ ಉದ್ದವಾಗಿತ್ತು.

"ವೈನಿ, ಪಂಪಿನ ಮನಿ ಕಡಿಂದ ಬಂದ್ರಲ್ಲ. ಏನಾರ ಕಂಡ್ತೇನ್ರಿ?"

"ಕಾಗಿ, ಬೆಳ್ಳಕ್ಕಿ."

"ಉಲ್ಲಂಕಿ?"

"ಇಲ್ಲರೀ."

ಡಾಕ್ಟರು ಅವಳನ್ನೂ ನನ್ನನ್ನೂ ನೋಡಿದರು. ಅವರ ಮಾತಿನಲ್ಲಿ ಕನಿಕರವಿತ್ತು. "ಕಣ್ಣು ಮಂಜಾದ್ವು ಕಾಣ್ತೈತಿ, ವೈನಿ. ಆ ದುರ್ಬೀನೂ ಹಳೇದಾತು. ಇನ್ನ ಅದರಾಗ ಏನ್ ಕಾಣ್ತೈತ್ರಿ?"

"ಹೌದ್ರಿ" ಎಂದಳು. "ಇಬ್ಬರದೂ ಆತು."

ತನ್ನನ್ನು ನಂಬಲಿ ಎಂದು ಇಷ್ಟು ವರ್ಷ ಕಾದವಳು, ಕುರುಡಿಯೆಂದು ನಂಬಿದ ಮನುಷ್ಯನಿಗೆ ದಾರಿ ಬಿಟ್ಟುಕೊಟ್ಟಳು. ಅವರು ಎದುರು ದಿಕ್ಕಿಗೆ, ಬಾತುಗಳಿರುವ ಕಡೆಗೆ ಹೋದರು. ಅವಳ ಎದೆ ಒಂದೇ ಸಮ ಬಡಿಯುತ್ತಿತ್ತು.

ಫಕೀರಪ್ಪ ಸುಣ್ಣದ ಕಡ್ಡಿ ಹಿಡಿದು ಕಾಯುತ್ತಿದ್ದ. ಏನು ಬರೆಯಲಿ ಎಂದ. ಅವಳು ಕಾಗೆ, ಬೆಳ್ಳಕ್ಕಿ ಎಂದಳು. ಕಂಡವರ ಹೆಸರು ಹಾಕಲೇ ಎಂದ. ಬೇಡವೆಂದಳು. ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಎರಡು ಹೆಸರು ಬರೆದು, ಮೂರನೆಯ ಪಟ್ಟಿಯನ್ನು ಖಾಲಿ ಬಿಟ್ಟ. ಮಧ್ಯಾಹ್ನ ಪಂಪಿನ ಮನೆಯ ದಾರಿಗೆ ಒಂದು ಮುಳ್ಳುಕಂಟಿ ಎಳೆದು ಹಾಕಿದ್ದ. ಯಾಕೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂರು ಭಾನುವಾರ ಅವಳು ಆ ಕಡೆ ಹೋಗಲಿಲ್ಲ. ನಾಲ್ಕನೆಯದರಲ್ಲಿ, ಕೆರೆಯ ಆಚೆ ದಂಡೆಯಿಂದ, ಬಲು ದೂರದಿಂದ ನನ್ನನ್ನು ಎತ್ತಿದಳು. ಮಾಸಿದ ಬೆನ್ನಿನ ಗಂಡುಹಕ್ಕಿ ಕೆಸರಿನಲ್ಲಿ ನಡೆಯುತ್ತಿತ್ತು. ಹಿಂದೆ ನಾಲ್ಕು ಹತ್ತಿಯ ಉಂಡೆಗಳು. ಅವಳು ನನ್ನನ್ನು ಇಳಿಸಲೇ ಇಲ್ಲ, ಕೈ ಸೋಲುವವರೆಗೆ.

ಈಗ ಅವಳ ಕೊರಳು ನನ್ನ ಭಾರ ತಡೆಯುವುದಿಲ್ಲ. ಫಕೀರಪ್ಪನ ಕೋಣೆಯ ಕಿಟಕಿಯ ಗೂಟಕ್ಕೆ ನನ್ನನ್ನು ಸಿಕ್ಕಿಸಿ ಹೋಗುತ್ತಾಳೆ. ಬಂದ ದಿನ ತೆಗೆದುಕೊಂಡು ಬೆಂಚಿನ ಮೇಲೆ ಕೂರುತ್ತಾಳೆ. ಉಳಿದ ದಿನ ನಾನಿಲ್ಲಿ ನೇತಾಡುತ್ತೇನೆ, ಬೆಳಕಿನಲ್ಲಿ. ಎದುರಿಗೆ ಕರಿಹಲಗೆ ಕಾಣುತ್ತದೆ. ದಿನವೂ ಯಾರಾದರೂ ಬಂದು ಹೆಸರು ಬರೆಯುತ್ತಾರೆ, ಮಾರನೆಯ ಬೆಳಿಗ್ಗೆ ಫಕೀರಪ್ಪ ಒದ್ದೆ ಬಟ್ಟೆಯಿಂದ ಒರೆಸುತ್ತಾನೆ.

ದಣಿವಾಗಿದೆ. ಮಾತನಾಡಿದ್ದೂ ಸಾಕು. ನೀವು ಹಿರೇಕೆರೆಗೆ ಬಂದರೆ ನನ್ನನ್ನು ಕೇಳಿ ತೆಗೆದುಕೊಳ್ಳಬಹುದು, ಬಲಗಣ್ಣು ಇನ್ನೂ ಚೆನ್ನಾಗಿದೆ. ಕೆಂಪು ಚುಕ್ಕೆಯಿರುವ ಬಳೆಯನ್ನು ಮಾತ್ರ ತಿರುಗಿಸಬೇಡಿ. ಮತ್ತೆ, ಹೋದ ಶ್ರಾವಣದ ಆ ಗೂಡು ಯಾವ ಜೊಂಡಿನಲ್ಲಿತ್ತು, ಪಂಪಿನ ಮನೆಯಿಂದ ಎಷ್ಟು ಹೆಜ್ಜೆ ಎಂದು ಕೇಳಬೇಡಿ. ಅಲ್ಲಿ ಈ ಬೆಳಿಗ್ಗೆ ಕಂಡದ್ದು ಕಾಗೆ, ಬೆಳ್ಳಕ್ಕಿ. ಅಷ್ಟೇ.