ಕಲ್ಲಿನ ಚೇಳು, ಹಿತ್ತಲಿನ ಚೇಳು

ಮುಂದಿನ ಟೆಂಪೊದಿಂದ ಮಾವಿನ ಸೊನೆಯ ವಾಸನೆ, ದಾರಿ ಬಿಡುತ್ತಿಲ್ಲ, ಗಂಡ ವೆಂಕಟ್ ಹಾರನ್ ಒತ್ತುತ್ತಲೇ ಇದ್ದಾನೆ, ನನ್ನ ತೊಡೆಯ ಮೇಲೆ ಮಗಳು ಶ್ರುತಿ, ಒಂದನೇ ಕ್ಲಾಸಿನ ಕೂಸು, ಕೈಯೆಲ್ಲ ತಣ್ಣಗೆ, ಬೆವರು, ಉಸಿರೆಳೆದಾಗಲೆಲ್ಲ ಕತ್ತಿನ ಬುಡದಲ್ಲಿ ಗುಳಿ ಬೀಳುತ್ತಿದೆ — ಪಕ್ಕದಲ್ಲಿ ಅತ್ತೆ, ದೇವುಡಾ, ಬೈರಕೂರಲ್ಲೇ ದೊಡ್ಡಮುನಿಯಪ್ಪನ ಹತ್ರ ಮಂತ್ರ ಹಾಕಿಸ್ಬೇಕಿತ್ತು ಕಣೇ ಸುನಂದಾ, ಬೇಡ ಅತ್ತೆ, ಮುಳಬಾಗಿಲು ಆಸ್ಪತ್ರೆಗೇ, ಕೆಂಪು ಚೇಳಿನ ವಿಷ ಎದೆಗಿಳಿದ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಶ್ವಾಸಕೋಶ, ವರ್ಷಗಳಿಂದ ಅದೇ ನನ್ನ ಕೆಲಸ, ಕಲ್ಲಾಗಿ ಹೋದ ಚೇಳಿನ ಹೊಟ್ಟೆಯ ಸ್ಕ್ಯಾನು, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರ, ಜೇಡಕ್ಕೂ ಇರುವುದು ಅಂಥದೇ, ಸಮುದ್ರದಿಂದ ಚೇಳು ಬೇರೆಯಾಗಿ ದಡ ಹತ್ತಿತು, ಜೇಡ ಬೇರೆಯಾಗಿ, ಹತ್ತಿರದ ನಂಟಿಲ್ಲ ಎನ್ನುತ್ತಿದ್ದರು, ಆದರೆ ಕಲ್ಲಿನೊಳಗಿನ ಆ ಪದರಗಳ ಅಂಚು, ಪದರಗಳ ನಡುವೆ ಆನಿಸಿದ ಸಣ್ಣ ಕಂಬಗಳು, ಎರಡರಲ್ಲೂ ಒಂದೇ ಕಟ್ಟು, ಒಂದೇ ವಂಶದ್ದಲ್ಲದಿದ್ದರೆ ಇಷ್ಟು ಹೋಲಿಕೆ ಹೇಗೆ ಬಂತು ಅಂತ ನಿನ್ನೆ ಊಟದಲ್ಲಿ ವೆಂಕಟ್‌ಗೆ ಹೇಳುತ್ತಿದ್ದೆ, ಇವಳು ಅನ್ನ ಕಲಸುತ್ತ ಕೇಳಿದಳು, ಅಮ್ಮ, ಚೇಳು ಎಲ್ಲಿಂದ ಉಸಿರಾಡುತ್ತೆ, ಹೊಟ್ಟೆ ಕೆಳಗೆ ಪುಟ್ಟ ಪುಟ್ಟ ಸೀಳಿರುತ್ತೆ ಕಣೇ, ಮಗುಚಿದ್ರೆ ಕಾಣುತ್ತೆ — ಮಗುಚಿದ್ರೆ, ನಾನೇ ಅಂದೆ, ನನ್ನದೇ ಬಾಯಿ, ಹಿತ್ತಲಲ್ಲಿ ಕಲ್ಲೆತ್ತಿದ್ದಾಳೆ, ಕಡ್ಡಿಯಲ್ಲಿ ಮಗುಚಿದ್ದಾಳೆ, ನಾನು ಒಳಗೆ ಪರದೆಯ ಮೇಲೆ ಸತ್ತ ಚೇಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ, ಅವಳ ಕಿರುಚಾಟ ಕೇಳಿದಾಗಲೂ ಮೌಸ್ ಕೈಯಲ್ಲೇ ಇತ್ತು — ಬಾಯಂಚಿನಲ್ಲಿ ನೊರೆ, ಗುಳಿ ಆಳವಾಗುತ್ತಿದೆ, ವೆಂಕಟ್, ಬೇಗ, ಹೋಗ್ತಿದೀನಲ್ಲೇ, ಟೆಂಪೊ ಎಡಕ್ಕೆ ಸರಿಯಿತು, ಆಸ್ಪತ್ರೆಯ ಗೇಟು, ಅವನು ಎತ್ತಿಕೊಂಡು ಓಡಿದ, ನನ್ನ ಕಾಲಲ್ಲಿ ಚಪ್ಪಲಿಯಿಲ್ಲ, ಡಾಕ್ಟರಮ್ಮ ಬಾಯಿಗೆ ಮಾತ್ರೆ ಹಾಕಿದರು, ಮುಖಕ್ಕೆ ಆಮ್ಲಜನಕದ ಮಾಸ್ಕು, ಸದ್ಯ, ಮಂತ್ರ ಅಂತ ಕೂರ್ದೆ ಕರ್ಕೊಂಡ್ ಬಂದ್ರಿ, ಅತ್ತೆ ಸೆರಗಿನಿಂದ ನನ್ನ ಕತ್ತಿನ ಬೆವರು ಒರೆಸಿದರು, ಆಮೇಲೆ ಕಾಯುವುದೊಂದೇ, ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಹೋಯಿತು, ಅವಳ ಕೈ ತುಸು ಬೆಚ್ಚಗಾಯಿತು, ನೀರು ಇಳೀತಿದೆ, ಇನ್ನು ಭಯ ಇಲ್ಲ, ಆದ್ರೂ ರಾತ್ರಿ ಇಲ್ಲೇ ಇರ್ಲಿ ಎಂದರು ಡಾಕ್ಟರಮ್ಮ, ಶ್ರುತಿ ಕಣ್ಣು ಬಿಟ್ಟು ಮಾಸ್ಕಿನೊಳಗಿಂದಲೇ, ಅಮ್ಮ, ಸೀಳು ನೋಡ್ದೆ, ಒಂದೊಂದು ಕಡೆ ನಾಲ್ಕ್ ನಾಲ್ಕು, ಹೌದು ಕಂದ, ನಾಲ್ಕು, ಕಲ್ಲಿನದಕ್ಕೂ ಅಷ್ಟೇ ಎನ್ನಬೇಕು, ಅವಳ ಹಣೆಯ ಕೂದಲು ಸರಿಸುತ್ತೇನೆ, ವೆಂಕಟ್ ನಗುತ್ತಿದ್ದಾನೋ, ಅಳುತ್ತಿದ್ದಾನೋ, ನನಗೆ ಅವನ ಮುಖ ಕಾಣುತ್ತಿಲ್ಲ, ಕತ್ತಿನ ಬುಡದ ಗುಳಿ, ಮೊದಲಿನಷ್ಟು ಆಳವಿಲ್ಲ, ಬೀಳುತ್ತಿದೆ, ಏಳುತ್ತಿದೆ, ಆ ಗುಳಿ, ಬೀಳುತ್ತಿದೆ —