ಬೇರೆ ಮಾತ್ರೆ ಏನೂ ಇಲ್ಲ

ನಮ್ಮ ಬೂಕನಕೆರೆಯ ಬೀದಿಯಲ್ಲಿ ಮಾತ್ರೆ ಕೊಡುವುದೆಂದರೆ ಹಾಲಿಗೆ ಹೆಪ್ಪು ಕೊಟ್ಟ ಹಾಗೆ. ಒಬ್ಬರ ಮನೆಯಲ್ಲಿ ಮಿಕ್ಕಿದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ. ಇವರ ಸೊಂಟ ನೋವಿಗೆ ಆದದ್ದು ಅವರ ಮಂಡಿ ನೋವಿಗೂ ಆಗಲೇಬೇಕು. ಡಾಕ್ಟರು ಬರೆದುಕೊಡುವುದು ಒಬ್ಬರಿಗೆ, ನುಂಗುವವರು ಬೀದಿಯವರೆಲ್ಲ. ಒಂದೇ ಒಂದು ಥರದ ಮಾತ್ರೆಯನ್ನು ಮಾತ್ರ ಯಾರೂ ಯಾರಿಗೂ ಕೊಡುವುದಿಲ್ಲ, ನಮ್ಮ ಮನೆಯಲ್ಲಿದೆ ಅಂತಲೂ ಹೇಳುವುದಿಲ್ಲ. ಅದು ಮನಸ್ಸಿನ ಕಾಯಿಲೆಯ ಮಾತ್ರೆ. ನಾನು ಅದನ್ನು ದಿನಾ ನುಂಗುತ್ತೇನೆ.

ಏಳು ತಿಂಗಳಿಗೆ ಹೊಟ್ಟೆಯಲ್ಲೇ ಮಗು ಹೋದ ಮೇಲೆ ನನಗೆ ಹಾಸಿಗೆಯಿಂದ ಏಳುವುದೇ ಬೇಡವಾಗಿತ್ತು. ಕೊಟ್ಟಿಗೆಯಲ್ಲಿ ಹಸು ಅರಚುತ್ತಿದ್ದರೂ ಗೋಡೆ ನೋಡಿಕೊಂಡು ಮಲಗಿರುತ್ತಿದ್ದೆ. ನನ್ನ ಗಂಡ ಕುಮಾರ್ ಒಳ್ಳೆಯವನೇ. ಧೈರ್ಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ ಅವನಿಗೆ. ಕಣ್ಣು ತೋರಿಸಿಕೊಂಡು ಬರುತ್ತೇವೆ ಅಂತ ಮನೆಯಲ್ಲಿ ಸುಳ್ಳು ಹೇಳಿ, ಮೈಸೂರಿನ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆ ಮಾತ್ರೆಯಿಂದಲೇ ನಾನು ಎದ್ದೆ. ಮತ್ತೆ ಹಾಲು ಕರೆದೆ, ಮತ್ತೆ ನಕ್ಕೆ. ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದನ್ನು ಒಂದು ದಿನ ಅತ್ತೆ ದೊಡ್ಡತಾಯಮ್ಮ ಕಂಡುಹಿಡಿದರು. ಬೈಯಲಿಲ್ಲ. "ನುಂಗೋದು ನುಂಗ್ಕೊ, ನರಪಿಳ್ಳೆಗೂ ಗೊತ್ತಾಗ್ಬಾರ್ದು," ಎಂದರು ಅಷ್ಟೇ.

ಆ ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಸಲ ಯಾರು ಕೂತಿದ್ದರು ಗೊತ್ತೆ? ನಮ್ಮ ಎದುರು ಮನೆಯ ಬೆಟ್ಟಮ್ಮ. ತವರೂರು ಪಾಲಹಳ್ಳಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ನಿದ್ದೆಯಿಲ್ಲದೆ ಒದ್ದಾಡಿ, ಕೊನೆಗೆ ಒಬ್ಬಳೇ ದಾರಿ ಹುಡುಕಿಕೊಂಡಿದ್ದಳು. ನನ್ನನ್ನು ಕಂಡು ಮೊದಲು ಮುಖಕ್ಕೆ ಸೆರಗು ಎಳೆದುಕೊಂಡಳು. ಆಮೇಲೆ ಪಕ್ಕಕ್ಕೆ ಬಂದು ಕೂತು ತನ್ನ ಮಾತ್ರೆ ತೋರಿಸಿದಳು. ಇಬ್ಬರದೂ ಒಂದೇ.

"ನೀ ನನ್ನ ನೋಡಿಲ್ಲ, ನಾ ನಿನ್ನ ನೋಡಿಲ್ಲ ಕಣವ್ವ," ಎಂದಳು.

ವಾಪಸ್ಸು ಒಂದೇ ಬಸ್ಸಿನಲ್ಲಿ ಬಂದೆವು, ಅವಳು ಮುಂದಿನ ಸೀಟು, ನಾನು ಹಿಂದಿನದು. ಬೆಳಗೊಳದಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡು, ತಿರುಗಿ ನೋಡದೆಯೇ ಅರ್ಧವನ್ನು ಹಿಂದಕ್ಕೆ ಚಾಚಿದಳು. ಆ ದಿನ ಅವಳು ನನಗೆ ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದಳು.

ಈ ಮಾರ್ಗಶಿರದಲ್ಲಿ ಕೊಟ್ಟಿಗೆಯಲ್ಲಿ ಸಗಣಿ ತುಳಿದು ಜಾರಿಬಿದ್ದೆ. ಸೊಂಟ ಹಿಡಿದುಕೊಂಡಿತು. ಕೆ.ಆರ್. ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಡಾಕ್ಟರು, ಪಾಪ, ಕೇಳಬೇಕಾದ್ದನ್ನು ಕೇಳಿದರು.

"ಬೇರೆ ಮಾತ್ರೆ ಏನಾದ್ರೂ ತಗೋತಾ ಇದೀರಾ?"

ಕೇಳಿದ್ದು ನನ್ನನ್ನು. ಆದರೆ ನಮ್ಮಲ್ಲಿ ಕಾಯಿಲೆ ಸೊಸೆಗೆ, ಬಾಯಿ ಅತ್ತೆಗೆ.

"ಬ್ಯಾರೆ ಮಾತ್ರೆ ಏನೂ ಇಲ್ಲ ಸಾ. ಕಲ್ಲು ತಿಂದು ಅರಗಿಸ್ಕೊಳ್ಳೋ ಎಣ್ಣು ಇವ್ಳು," ಎಂದರು ಅತ್ತೆ.

ಕುಮಾರನ ಮುಖ ನೋಡಿದೆ. ಅವನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನ ತಂಗಿ ರಂಜಿತಳನ್ನು ನೋಡಲು ಆ ಭಾನುವಾರ ನಾಗಮಂಗಲದವರು ಬರುವವರಿದ್ದರು. ಕೆ.ಆರ್. ಪೇಟೆಯಲ್ಲಿ ಆಡಿದ ಮಾತು ನಾಗಮಂಗಲ ಮುಟ್ಟಲು ಬಸ್ಸು ಬೇಕಾಗಿಲ್ಲ. ಅತ್ತಿಗೆಗೆ ತಲೆ ಸರಿಯಿಲ್ಲ ಅಂತಾದರೆ ನಾದಿನಿಯ ಸಂಬಂಧ ಅಲ್ಲಿಗೆ ಮುರಿದ ಹಾಗೆ. ನಾನೂ ತುಟಿ ಬಿಚ್ಚಲಿಲ್ಲ. ಡಾಕ್ಟರು ಟ್ರಮಡಾಲ್ ಎಂಬ ಜೋರು ನೋವಿನ ಕ್ಯಾಪ್ಸೂಲು ಬರೆದರು.

ನೋವು ಹೋಯಿತು, ಬೇರೆ ಏನೋ ಬಂತು. ಸುಮ್ಮಸುಮ್ಮನೆ ಬೆವರು. ಹೊಟ್ಟೆ ಕೆಟ್ಟಿತು. ಎದೆ ಡವಡವ, ಕೂತಲ್ಲಿ ಕೂರಲಾಗದ ಚಡಪಡಿಕೆ. ಭಾನುವಾರ ಬೆಳಿಗ್ಗೆ ಕಾಲು ತಾನಾಗೇ ಅದುರತೊಡಗಿತು.

"ಅತ್ತೆ, ನಂಗ್ಯಾಕೋ ಸರಿ ಇಲ್ಲ. ಮೈಯೆಲ್ಲ ನಡುಗ್ತಾ ಅದೆ."

"ನೋವಿಗೆ ಕಣವ್ವ ಅದು. ಇನ್ನೊಂದು ನುಂಗ್ಬುಡು. ಅವ್ರು ಓಗೋಗಂಟ ನಿಂತ್ಕೊ, ಆಮೇಕೆ ಮನಿಕ್ಕೊಳೀವಂತೆ."

ನುಂಗಿದೆ. ಮನಸ್ಸಿನ ಮಾತ್ರೆಯನ್ನು ಎಂದಿನಂತೆ ಆಗಲೇ ನುಂಗಿದ್ದೆ. ನಾಗಮಂಗಲದವರಿಗೆ ಕಾಫಿ ತಂದಾಗ ತಟ್ಟೆಯ ಮೇಲೆ ಲೋಟಗಳು ಗಲಗಲ ಎಂದವು. "ನಿಮ್ ಸೊಸೆ ಇನ್ನೂ ನಾಚ್ಕೋತಾಳಲ್ರೀ," ಎಂದು ಹುಡುಗನ ತಾಯಿ ನಕ್ಕಳು. ಒಳಗೆ ಬಂದು ತಟ್ಟೆ ಇಟ್ಟದ್ದು ನೆನಪಿದೆ. ಆಮೇಲೆ ಫಿಟ್ಸ್ ಬಂದು ಅಡುಗೆಮನೆಯಲ್ಲಿ ಬಿದ್ದೆನಂತೆ. ನೆಲಕ್ಕೆ ನನ್ನ ಕೈಕಾಲು ಬಡಿಯುವ ಸದ್ದು ಹೊರಗೆ ಕೇಳಬಾರದು ಅಂತ ಅತ್ತೆ ಮಿಕ್ಸಿ ಹಾಕಿದರಂತೆ. ಖಾಲಿ ಮಿಕ್ಸಿ. ಇದನ್ನು ನನಗೆ ಆಮೇಲೆ ಹೇಳಿದವಳು ರಂಜಿತ, ಅಳುತ್ತಾ.

ಕುಮಾರ್ ನನ್ನನ್ನು ಹಿತ್ತಿಲ ಬಾಗಿಲಿನಿಂದ ಹೊತ್ತು ಕಾರಿಗೆ ಹಾಕಿಕೊಂಡು ಪಾಂಡವಪುರದ ಆಸ್ಪತ್ರೆಗೆ ತಂದ. ಅಲ್ಲಿನ ಡಾಕ್ಟರಮ್ಮನೂ ಅದನ್ನೇ ಕೇಳಿದರು, ಬೇರೆ ಮಾತ್ರೆ ಏನಾದರೂ ಇದೆಯಾ ಅಂತ. ಅತ್ತೆ ಅಲ್ಲಿರಲಿಲ್ಲ. ಆದರೂ ಅವರ ಮಾತು ಇವನ ಬಾಯಲ್ಲಿತ್ತು. "ಏನೂ ಇಲ್ಲ ಮೇಡಂ," ಎಂದುಬಿಟ್ಟನಂತೆ. ಮೈ ಕೆಂಡದಂತೆ ಕಾದು, ಉಳಿಯುವುದೇ ಕಷ್ಟ ಅಂತ ಡಾಕ್ಟರಮ್ಮ ಹೇಳಿದ ಮೇಲೆ ಆ ಮಹಾರಾಯನ ಬಾಯಿಂದ ನಿಜ ಹೊರಟಿತು.

"ಎರಡೂ ಒಳ್ಳೆ ಮಾತ್ರೆಗಳೇ," ಎಂದರು ಡಾಕ್ಟರಮ್ಮ, ನನಗೆ ಪ್ರಜ್ಞೆ ಬಂದ ಮೇಲೆ. "ಜೊತೆಗೆ ಸೇರಬಾರದು ಅಷ್ಟೇ. ಎರಡೂ ಸೇರಿ ಮೆದುಳಲ್ಲಿ ಒಂದೇ ರಸ ಉಕ್ಕಿಸ್ತವೆ. ಮೊದಲೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲಮ್ಮಾ. ಆ ನೋವಿನ ಮಾತ್ರೆ ಎಸೆದುಬಿಡಿ. ಮನಸ್ಸಿನ ಮಾತ್ರೆ ಯಾವಾಗ ಮತ್ತೆ ಶುರು ಮಾಡ್ಬೇಕು ಅಂತ ನಿಮ್ಮ ಮೈಸೂರು ಡಾಕ್ಟ್ರನ್ನ ಕೇಳಿ, ಪೂರ್ತಿ ಬಿಟ್ಬಿಡಬೇಡಿ."

ಮನೆಗೆ ಬಂದರೆ ಎಲ್ಲ ತಿರುವುಮುರುವು. ಅತ್ತೆ ಮನಸ್ಸಿನ ಮಾತ್ರೆಯನ್ನು ಒಲೆಗೆ ಹಾಕಿದ್ದರು, ನೋವಿನ ಮಾತ್ರೆಯನ್ನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಎಸೆಯುತ್ತೇನೆ ಅಂತ ಕೇಳಿದರೂ ಕೊಡಲಿಲ್ಲ. ಊರಿಗೆಲ್ಲ "ಬಿಸ್ಲು ತಾಕಿತ್ತು" ಎಂದು ಹೇಳಿದ್ದರು. ಮಾರ್ಗಶಿರದ ಚಳಿಯಲ್ಲಿ ಬಿಸಿಲು! ಒಬ್ಬರಾದರೂ ಹೌದೇ ಎಂದು ಕೇಳಲಿಲ್ಲ. ರಂಜಿತಳ ಸಂಬಂಧ ಗಟ್ಟಿಯಾಯಿತು, ಮನೆಯಲ್ಲಿ ಒಬ್ಬಟ್ಟು ಮಾಡಿದರು. ನನಗೆ ಮೈ ಉರಿದುಹೋಯಿತು. ನಾನು ಸತ್ತಿದ್ದರೂ ಬಿಸಿಲು ತಾಕಿ ಸತ್ತಳು ಅಂತಲೇ ತಿಥಿ ಮಾಡಿ ಮುಗಿಸುತ್ತಿದ್ದರು. ಮೈಸೂರಿನ ಡಾಕ್ಟರಿಗೆ ನಾನೇ ಫೋನು ಮಾಡಿ ಕೇಳಿ, ಕುಮಾರನ ಕೈಲಿ ಹೊಸ ಮಾತ್ರೆ ತರಿಸಿಕೊಂಡೆ.

ಇವತ್ತು ಬೆಳಿಗ್ಗೆ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಒಳಗಿದ್ದೆ. ಬೆಟ್ಟಮ್ಮನ ದನಿ ಕೇಳಿಸಿತು.

"ಸೊಂಟ ನೆಟ್ಟಗೆ ಮಾಡಕಾಗ್ತಿಲ್ಲ ದೊಡ್ಡವ್ವ."

"ತಡಿ ಬೆಟ್ಟಿ. ನಮ್ ಸೊಸೆ ಸುನಿತಂಗೆ ಕೊಟ್ಟಿದ್ದು ಮಿಕ್ಕೈತೆ. ಭಾರಿ ಮಾತ್ರೆ, ಥಟ್ ಅಂತ ಓಯ್ತದೆ."

ಮೊರ ಬಿಸಾಕಿ ಓಡಿಬಂದೆ. ಬೆಟ್ಟಮ್ಮನ ಅಂಗೈಯಲ್ಲಿ ಕ್ಯಾಪ್ಸೂಲು, ಇನ್ನೊಂದು ಕೈಯಲ್ಲಿ ನೀರಿನ ಚೊಂಬು.

"ಅಕ್ಕ, ನುಂಗ್ಬ್ಯಾಡ!"

ಎಲ್ಲರೂ ನನ್ನ ಕಡೆ ತಿರುಗಿದರು. ಬೆಟ್ಟಮ್ಮನಿಗೆ ಕಣ್ಸನ್ನೆ ಮಾಡಿದೆ. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು. ಇನ್ನು ಬಚ್ಚಿಟ್ಟು ಫಲವಿಲ್ಲ.

"ಅದನ್ನ ನುಂಗೇ ನಂಗೆ ಫಿಟ್ಸ್ ಬಂದಿದ್ದು. ಬಿಸ್ಲೂ ಅಲ್ಲ, ಮಣ್ಣೂ ಅಲ್ಲ. ನಾನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತೀನಿ. ಅದೂ ಇದೂ ಸೇರುದ್ರೆ ಜೀವ ಓಯ್ತದೆ."

ಅವರೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಅತ್ತೆಯ ಮುಖ ಕಪ್ಪಿಟ್ಟಿತು. ಅವರು ಹಲ್ಲು ಕಚ್ಚಿಕೊಂಡು, "ನಿನ್ ಕಾಯ್ಲೆ ನಿಂಗೆ. ಅದುಕ್ಕೂ ಬೆಟ್ಟಿಗೂ ಏನೇ?" ಎಂದರು.

"ಅಕ್ಕ... ನಿಂಗೇ ಗೊತ್ತದಲ್ಲ."

ಅಷ್ಟೇ ಅಂದದ್ದು. ಅಷ್ಟೇ ಸಾಕಾಯಿತು. ನನ್ನ ಮೇಲಿದ್ದ ಕಣ್ಣುಗಳೆಲ್ಲ ಬೆಟ್ಟಮ್ಮನ ಮೇಲೆ ಹೋದವು.

"ನಂಗೇನು ಗೊತ್ತು?" ಎಂದಳು ಬೆಟ್ಟಮ್ಮ. ದನಿ ಕೀರಲಾಗಿತ್ತು. "ನಾನ್ಯಾವ ಮಾತ್ರೆ ನುಂಗ್ತೀನಿ? ತಲೆ ಕೆಟ್ಟಿರೋದು ನಿಂಗೆ ಕಣಮ್ಮಿ, ನಂಗಲ್ಲ."

ಕ್ಯಾಪ್ಸೂಲು ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದಳು. ಬಾಯಿ ತೆರೆದು ಎಲ್ಲರಿಗೂ ತೋರಿಸಿದಳು. ಯಾರೋ ನಕ್ಕರು. ಅವಳು ಸೆರಗು ಕೊಡವಿಕೊಂಡು ಎದ್ದು, ಬೀದಿ ದಾಟಿ, ತನ್ನ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ನಾನು ಹಿಂದೆಯೇ ಹೋಗಿ ಬಾಗಿಲು ಬಡಿದೆ. "ಅಕ್ಕ, ಕಕ್ಬುಡಕ್ಕ, ಯಾರಿಗೂ ಏಳಕಿಲ್ಲ," ಎಂದೆ. ಅವಳ ಜಗಲಿಯ ಮೇಲೆ ಕೂತೆ. ಕುಮಾರನಿಗೆ ಫೋನು ಮಾಡಿ ಕಾರು ತಾ ಎಂದೆ.

"ಮರ್ವಾದೆ ಕಳ್ದಿದ್ದು ಸಾಕು, ಬಾರೇ ಒಳೀಕೆ!" ಎಂದು ಅತ್ತೆ ಎದುರು ಜಗಲಿಯಿಂದ ಕೂಗಿದರು.

"ಬರಕಿಲ್ಲ. ಇವ್ಳಿಗೂ ನಡುಕ ಬಂದ್ರೆ ಡಾಕ್ಟ್ರು ಕೇಳ್ತಾರಲ್ಲ ಅತ್ತೆ, ಬ್ಯಾರೆ ಮಾತ್ರೆ ಏನಾದ್ರೂ ಅಂತ. ನಿಜ ಏಳಾಕೆ ಒಬ್ರಾದ್ರೂ ಬೇಕು."

ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಯಿತು. ಬಾಗಿಲು ಇನ್ನೂ ತೆಗೆದಿಲ್ಲ.