ಕೋಟಿನ ಜೇಬಿನಲ್ಲಿದ್ದ ಕೈಗಳು

ಕಬ್ಬಿನ ಗದ್ದೆಗಳ ಮೇಲೆ ಬೀಸುವ ಗಾಳಿಗೇ ಬೆವರು ಬರುವಂಥ ಮೇ ತಿಂಗಳಿನಲ್ಲಿ, ದಪ್ಪ ಉಣ್ಣೆಯ ಕೋಟು ತೊಟ್ಟು ನಡೆಯುತ್ತಿದ್ದವರು ಮೆಕ್ಸಿಕೋದ ನಮ್ಮ ವೆರಾಕ್ರೂಸ್ ಸೀಮೆಯಲ್ಲಿ ಒಬ್ಬರೇ: ದೋನ್ ಎವೋದಿಯೊ ಚಿಗೊ. ಊರವರೆಲ್ಲ ಸೇರಿ ನುಡಿಸಿ, ಹಾಡಿ, ಕುಣಿಯುವ ಫಂದಾಂಗೊ ಇರುವ ದಿನ ಮಾತ್ರ ಆ ಕೋಟು ಗೂಟದಿಂದ ಇಳಿಯುತ್ತಿತ್ತು. ಬೆನ್ನಿಗೆ ಗಿಟಾರು, ಟೋಪಿಯ ಪಟ್ಟಿಗೆ ಸಿಕ್ಕಿಸಿದ ಹಸುವಿನ ಕೊಂಬಿನ ಕಡ್ಡಿ, ಪಾದಗಳನ್ನು ಹೊರಕ್ಕೆ ಚಾಚಿ ಹಾಕುವ ಬಾತುಕೋಳಿಯ ನಡಿಗೆ, ಮಣಿಕಟ್ಟಿನವರೆಗೂ ಜೇಬಿನೊಳಗೆ ಹುದುಗಿದ ಎರಡೂ ಕೈ.

“ಚಳೀನಾ ದೋನ್ ಎವೋದಿಯೊ?” ಎಂದು ಹೆಂಗಸರು ಕೆಣಕುವರು.

“ಇನ್ನೂ ಇಲ್ಲ ಕಣವ್ವ. ಆದ್ರೆ ಹೇಳಕ್ಕಾಗಲ್ಲ.”

ಹಾಗೆಂದವರು ಕುಣಿತದ ಹಲಗೆಯ ಪಕ್ಕ ಕೂತು, ಕೊಂಬಿನ ಕಡ್ಡಿಯನ್ನು ತಂತಿಗೆ ತಾಗಿಸಿದರೆಂದರೆ, ಮುಗಿಯಿತು. ಅಳುತ್ತಿದ್ದ ಮಗು ಬಾಯಿ ತೆರೆದುಕೊಂಡೇ ಸುಮ್ಮನಾಗುವುದು, ಸೌದೆ ಸೀಳುತ್ತಿದ್ದವನ ಕೊಡಲಿ ಗಾಳಿಯಲ್ಲೇ ನಿಲ್ಲುವುದು. ಈಗ ಎಪ್ಪತ್ತು ದಾಟಿದ ಆ ಬೆರಳುಗಳಿಂದ ಮಳೆಯ ಮೊದಲ ಹನಿಗಳಂತೆ ಬಿಡಿಬಿಡಿಯಾಗಿ ಉದುರಿದ ಸ್ವರಗಳು ನೋಡುನೋಡುತ್ತಿದ್ದಂತೆ ಹೊಳೆಯಾಗಿ ಹರಿಯುವುದನ್ನು ದರ್ಜಿ ಕೆಲಸದ ನೆರೇಯ್ದಾ ಬಾಲ್ಯದಿಂದ ಕೇಳಿದ್ದಳು. ಇಂಥವರಿಗೆ ಭಯವೆಂಬುದು ಗೊತ್ತೇ ಇರಲಾರದು ಎಂದು ನಂಬಿದ್ದಳು.

ಅವಳು ಹಾರಾನಾ ಎಂಬ ಪುಟ್ಟ ಗಿಟಾರನ್ನು ಹಿಡಿದು ಅವರ ಮಾವಿನ ಮರದ ಕೆಳಗೆ ಹೋಗಿ ಕೂತದ್ದು ಮದುವೆಯಾಗಿ, ಮಕ್ಕಳಾಗಿ, ಇನ್ನು ತಡವಾಯಿತು ಎಂದು ಊರೆಲ್ಲ ಹೇಳಿದ ಮೇಲೆ. ದೋನ್ ಎವೋದಿಯೊ ತಂತಿ ಮುಟ್ಟಿಸುವ ಮೊದಲು ಹೊಟ್ಟೆಗೇನು ಬಿತ್ತು ಎಂದು ಕೇಳುತ್ತಿದ್ದರು. ಏನೂ ಇಲ್ಲವೆಂದರೆ ಬಾಳೆಲೆಯಲ್ಲಿ ಬೇಯಿಸಿದ ತಮಾಲೆ ತಿನ್ನಿಸಿಯೇ ಪಾಠ. ಕಿವಿಯವರೆಗೆ ಏರಿದ್ದ ಅವಳ ಭುಜಗಳನ್ನು ಬೆರಳಿನಿಂದ ತಟ್ಟಿ, “ಇವನ್ನ ಇಳಿಸು ಮಗಳೇ, ಯಾರೂ ಹೊಡೆಯಲ್ಲ” ಎನ್ನುತ್ತಿದ್ದರು. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಅವಳ ಬೆರಳು ಜಾರಿ ತಾಳ ಮುರಿದು ಬಿದ್ದಾಗಲೆಲ್ಲ, ಅರ್ಧ ಹೇಳಿದ ಕತೆಯನ್ನು ಕೇಳುವವರಂತೆ ಮುಂದಕ್ಕೆ ಬಾಗಿ ಒಂದೇ ಮಾತು ಕೇಳುತ್ತಿದ್ದರು: “ಆಮೇಲೆ?”

ಫಂದಾಂಗೊದಲ್ಲಿ ಕಲಿಯುವವರು ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ನುಡಿಸಬೇಕು. ಮುಂದೆ ಬಾ ಎಂದು ಯಾರೂ ಕರೆಯುವುದಿಲ್ಲ. ಕೈ ಪಳಗಿದಂತೆ ಕಾಲು ತಾನಾಗಿ ಹಲಗೆಯ ಹತ್ತಿರಕ್ಕೆ ತರುತ್ತದೆ. ನೆರೇಯ್ದಾಳ ಕೈ ಪಳಗಿತ್ತು. ಕಾಲು ಮಾತ್ರ ಹಿಂದೆಯೇ ನಿಂತಿತ್ತು.

ತಂಗಿಯ ಮಗುವಿನ ದೀಕ್ಷಾಸ್ನಾನದ ಮಧ್ಯಾಹ್ನ ಹಾಗೆ ಹಿಂದೆ ನಿಲ್ಲುವುದೂ ನಡೆಯಲಿಲ್ಲ. ಧರ್ಮಮಾತೆ ಅವಳೇ, ಮೊದಲ ಪದ ಅವಳೇ ಹಾಡಬೇಕೆಂದು ಎಲ್ಲರೂ ಹಿಡಿದು ಮುಂದಕ್ಕೆ ತಂದರು. ಇವತ್ತು ಆಗದಿದ್ದರೆ ಹಾರಾನಾವನ್ನು ಮಕ್ಕಳಿಗೆ ಕೊಟ್ಟು ಹೊಲಿಗೆ ಯಂತ್ರದ ಮುಂದೆ ಕೂತುಬಿಡುತ್ತೇನೆ ಎಂದು ಅವಳು ಬೆಳಿಗ್ಗೆಯೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ರಾಗ ಎದ್ದಿತು. ಕಲಿತಿದ್ದ ಸ್ವಾಗತದ ಪದವನ್ನು ನೆನಪಿನಲ್ಲಿ ತಡಕಾಡಿದಳು. ಬಾಯಿಗೆ ಬಂದದ್ದು ಬೇರೆಯೇ:

ಹೋಗಿ ಬರುವೆನು ಗೆಳೆಯರೆಲ್ಲರೆ,
ಹೊಳೆಯ ಮೇಲಿನ ಬೆಳಕು ಮಾಸಿತು.

ಅದು ಬೀಳ್ಕೊಡುಗೆಯ ಪದ. ಅದು ಕಿವಿಗೆ ಬಿತ್ತೆಂದರೆ ನುಡಿಸುವವರು ಹಾಡನ್ನು ಮುಗಿಸಲೇಬೇಕು. ಅಭ್ಯಾಸದ ಕೈಗಳು ಟಕ್ಕೆಂದು ಮುಗಿಸಿಯೂ ಬಿಟ್ಟವು. ಹಲಗೆಯ ಮೇಲೆ ಹೆಜ್ಜೆ ಎತ್ತಿದ್ದ ಹೆಂಗಸರು ಒಂಟಿಕಾಲಿನಲ್ಲಿ ನಿಂತರು.

“ಏನೇ ತಾಯಿ, ಮಗು ತಲೆ ಇನ್ನೂ ಒಣಗಿಲ್ಲ, ಆಗಲೇ ಹೊರಟ್ಯಾ?” ಎಂದ ಚೋನ್ ಮಾವ. ಅಂಗಳವೆಲ್ಲ ಗೊಳ್ಳೆಂದಿತು. ನೆರೇಯ್ದಾ ಹಾರಾನಾವನ್ನು ಎದೆಗೆ ಒತ್ತಿಕೊಂಡು ಬಾಗಿಲು ಯಾವ ಕಡೆ ಎಂದು ಹುಡುಕುತ್ತಿದ್ದಳು.

“ಆಮೇಲೆ?” ಎಂದಿತು ಪಕ್ಕದಲ್ಲೊಂದು ಧ್ವನಿ.

ಅವಳು ಉತ್ತರಿಸುವ ಮೊದಲೇ ಕೊಂಬಿನ ಕಡ್ಡಿ ಮುಗಿದ ರಾಗವನ್ನು ಮತ್ತೆ ಎಬ್ಬಿಸಿತ್ತು. ದೋನ್ ಎವೋದಿಯೊ, ಎಂದೂ ಹಾಡದ ಮನುಷ್ಯ, ಒಡೆದ ಮಡಕೆಯ ಕಂಠದಲ್ಲಿ ಹಾಡುತ್ತಿದ್ದರು:

ಈಗ ಬಂದವಳೆಲ್ಲಿ ಹೊರಟೆಯೆ,
ಒಲೆಯ ಮೇಲಿದೆ ಕಾಫಿ ಪಾತ್ರೆಯು;
ನಿನ್ನ ಚಪ್ಪಲಿ ಅಡಗಿಸಿಟ್ಟೆನು,
ಹಾಡದಿದ್ದರೆ ಕೊಡೆನು ಎಂದಿಗು!

ನಗು ಮತ್ತೆ ಎದ್ದಿತು. ಆದರೆ ಈ ಸಲ ಅದು ಅವಳ ಮೇಲೆ ಬೀಳಲಿಲ್ಲ, ಅವಳನ್ನೂ ಎತ್ತಿಕೊಂಡು ಎದ್ದಿತು. ಅವಳ ತಪ್ಪೇ ಈಗ ಹಾಡಿನ ಆರಂಭವಾಗಿತ್ತು. ಪದಕ್ಕೆ ಪದ ಕೊಡುವುದು ಇಲ್ಲಿಯ ಮರ್ಯಾದೆ. ನೆರೇಯ್ದಾಳ ಭುಜ ಇಳಿಯಿತು; ಕಲಿತದ್ದಲ್ಲ, ಆ ಗಳಿಗೆಯಲ್ಲೇ ಹುಟ್ಟಿದ್ದು ಹೊರಗೆ ಬಂತು:

ಕೊಡದೆ ಇದ್ದರು ಸರಿಯೆ ತಾತನೆ,
ಬರಿಯ ಕಾಲಲೆ ಹಾಡಿ ಕುಣಿವೆನು!

“ಹಾಕು! ಹಾಕು!” ಎಂದು ಚೋನ್ ಮಾವನೇ ಟೋಪಿ ಎಸೆದ. ಹೆಂಗಸರ ಹಿಮ್ಮಡಿಗಳು ಹಲಗೆಯನ್ನು ಗುಡುಗಿಸಿದವು. ನೆರಳು ಅಂಗಳ ದಾಟಿ ಗೋಡೆ ಏರುವವರೆಗೂ ಆ ಒಂದೇ ಹಾಡು ನಡೆಯಿತು, ಅಷ್ಟು ಹೊತ್ತೂ ಅವಳು ಹಲಗೆಯ ಪಕ್ಕದಿಂದ ಕದಲಲಿಲ್ಲ.

ಬಿಡುವಿನಲ್ಲಿ ಅವರಿಗೆ ಕಾಫಿ ಕೊಡಲು ಹೋದಳು. ಮುಂದಿನ ಹಾಡಿಗೆ ಕಾಯುತ್ತ ಕೂತಿದ್ದವರು ಲೋಟಕ್ಕೆಂದು ಜೇಬಿನಿಂದ ಕೈ ತೆಗೆದರು. ಆ ಕೈ ನಡುಗುತ್ತಿತ್ತು. ಬೆರಳು ತಾಗಿತು, ಬಾವಿಯ ನೀರಿನಂತೆ ತಣ್ಣಗಿತ್ತು.

“ನಿಮಗೂ ಹೀಗಾಗುತ್ತಾ?” ಎಂದಳು ಪಿಸುಮಾತಿನಲ್ಲಿ.

“ಪ್ರತಿ ಸಲ.” ಕಾಫಿಯನ್ನು ಊದಿ, ಒಂದು ಗುಟುಕು ಕುಡಿದರು. “ಮೊದಲ ಸ್ವರ ಸಿಕ್ಕೋವರೆಗೂ. ಕೋಟು ಮತ್ಯಾಕಂದ್ಕೊಂಡೆ?”

ಅಂಗಳದಲ್ಲಿ ಯಾರೋ ತಂತಿ ಶ್ರುತಿ ಮಾಡುತ್ತಿದ್ದರು. ನೆರೇಯ್ದಾ ಆ ಹಳೆಯ, ಮೊಣಕೈ ತೇಪೆಯ ಕೋಟನ್ನು ಗುಡಿಯನ್ನು ನೋಡುವಂತೆ ನೋಡಿದಳು. ಊರನ್ನೇ ಬೆರಗಾಗಿಸಿದ ಆ ಸಂಗೀತವೆಲ್ಲ ಪ್ರತಿ ಸಲವೂ ಈ ನಡುಕವನ್ನು ದಾಟಿಕೊಂಡೇ ಬಂದಿತ್ತು.

ಇಂಥವರು ಭಯವನ್ನು ಗೆದ್ದವರಲ್ಲ. ಅದಕ್ಕೊಂದು ಜೇಬು ಹೊಲಿಸಿ, ಬೆಚ್ಚಗಿಟ್ಟು, ಜೊತೆಯಲ್ಲೇ ಕರೆದುಕೊಂಡು ಬಂದವರು. ಬಹುಶಃ ಅದರಿಂದಲೇ, ಪಕ್ಕದವರ ಕೈ ತಣ್ಣಗಾದದ್ದು ಮುಟ್ಟದೆಯೂ ಅವರಿಗೆ ತಿಳಿಯುತ್ತದೆ. ಲೋಕವೆಲ್ಲ ‘ಮುಗಿಯಿತು’ ಎಂದು ನಕ್ಕ ಕಡೆ ಅವರೊಬ್ಬರು ಮುಂದಕ್ಕೆ ಬಾಗಿ, ಕತೆ ಈಗಷ್ಟೇ ಶುರುವಾಯಿತು ಎಂಬಂತೆ ಕಿವಿಗೊಟ್ಟು ಕೂತಿರುತ್ತಾರೆ.